ಬೆಂಕಿ ಎಚ್‌ಎಸ್‌ಎನ್ ಕೋಡ್ ಓದೋದಿಲ್ಲ

ನಮ್ಮಲ್ಲಿ ಯಾವ ಕಾರ್ಖಾನೆಗೆ, ಯಾವ ಗೋದಾಮಿಗೆ ಬೆಂಕಿ ಬಿದ್ದರೂ ಮರುದಿನದ ಪೇಪರಿನಲ್ಲಿ ಎರಡು ಸಾಲು ಗ್ಯಾರಂಟಿ. ಒಂದು, "ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರುವ ಶಂಕೆ". ಎರಡು, "ಪರವಾನಗಿ ಇರಲಿಲ್ಲ ಎಂದು ತಿಳಿದುಬಂದಿದೆ". ಈ ಎರಡು ಸಾಲು ಬಂದವು ಅಂದರೆ ಕೇಸು ಮುಗೀತು. ಓದಿದವರು "ಛೇ ಪಾಪ" ಅಂತ ಪುಟ ತಿರುಗಿಸ್ತಾರೆ, ಮಂತ್ರಿಗಳು ಪರಿಹಾರ ಘೋಷಣೆ ಮಾಡ್ತಾರೆ, ಅಧಿಕಾರಿಗಳು ಒಂದು ವಾರ ಊರೆಲ್ಲ ಸುತ್ತಿ ತಪಾಸಣೆ ಮಾಡ್ತಾರೆ. ಎಂಟನೇ ದಿನ ಮತ್ತೆ ಎಲ್ಲ ಮೊದಲಿನ ಹಾಗೆ.

ನನ್ನ ತಕರಾರು ಏನಂದರೆ, ಈ ಎರಡೂ ಸಾಲು ನಿಜವಾಗಿದ್ದರೂ ಅವು ಕಾರಣಗಳೇ ಅಲ್ಲ. ಕಿಡಿ ಅನ್ನೋದು ಎಲ್ಲ ಕಡೆ ಇರತ್ತೆ. ಸ್ವಿಚ್ಚಿನಲ್ಲಿ ಇದೆ, ಹಳೇ ಫ್ಯಾನಿನಲ್ಲಿ ಇದೆ, ಹಮಾಲರು ಕಬ್ಬಿಣದ ಬ್ಯಾರಲ್ ಉರುಳಿಸುವಾಗ ಇದೆ, ನೈಲಾನ್ ಸೀರೆಯಲ್ಲೂ ಇದೆ. ನಿಮ್ಮ ಮನೆಯಲ್ಲೂ ದಿನಕ್ಕೆ ಹತ್ತು ಕಿಡಿ ಹಾರ್ತವೆ, ಮನೆ ಹಾರೋದಿಲ್ಲ. ಕಿಡಿ ಎಲ್ಲಿಂದ ಬಂತು ಅನ್ನೋದಕ್ಕಿಂತ ಆ ಕಿಡಿಯ ಪಕ್ಕದಲ್ಲಿ ಏನಿತ್ತು, ಎಷ್ಟಿತ್ತು, ಯಾವುದರ ಜೊತೆ ಇತ್ತು ಅಂತ ಕೇಳಬೇಕು. ಅದನ್ನು ಯಾರೂ ಕೇಳೋದಿಲ್ಲ. ಯಾಕಂದ್ರೆ ಒಳಗೆ ಏನಿತ್ತು ಅನ್ನೋದು ಯಾರಿಗೂ ಗೊತ್ತಿರೋದೇ ಇಲ್ಲ. ಕೆಲಸ ಮಾಡೋರಿಗೆ ಗೊತ್ತಿಲ್ಲ, ಪಕ್ಕದ ಶೆಡ್ಡಿನವರಿಗೆ ಗೊತ್ತಿಲ್ಲ, ಬೆಂಕಿ ಆರಿಸೋಕೆ ಬಂದವರಿಗಂತೂ ಗೊತ್ತೇ ಇಲ್ಲ.

ಕೇಕಿನ ಮೇಲಿನ ಬತ್ತಿ

ತಾರಿಹಾಳದ ಉದಾಹರಣೆಯನ್ನೇ ತಗೊಳ್ಳಿ. 2022ರ ಜುಲೈ 23, ಶನಿವಾರ. ಹುಬ್ಬಳ್ಳಿ ಹೊರವಲಯದ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗ್ತಾ ಇದ್ದದ್ದು ಹುಟ್ಟುಹಬ್ಬದ ಕೇಕಿನ ಮೇಲೆ ನಿಲ್ಲಿಸ್ತಾರಲ್ಲ, ಬೆಳ್ಳಿ ಕಾರಂಜಿಯ ಹಾಗೆ ಕಿಡಿ ಚಿಮ್ಮೋ ಸ್ಪಾರ್ಕಲ್ ಕ್ಯಾಂಡಲ್. ಸುಟ್ಟಗಾಯವಾದ ಕಾರ್ಮಿಕರನ್ನು ಕಿಮ್ಸ್‌ಗೆ ಸೇರಿಸಿದರು. ಅವರಲ್ಲಿ ಹೆಂಗಸರೂ ಇದ್ದರು. ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ಕೆಲವರು ತೀರಿಕೊಂಡರು. ಅನುಮತಿಯಿಲ್ಲದೆ ನಡೀತಿದ್ದ ಕಾರ್ಖಾನೆ ಅಂತ ಸುದ್ದಿಯಾಯ್ತು, ಬಂಧನ ಆಯ್ತು, ಪರಿಹಾರ ಆಯ್ತು. ಅಲ್ಲಿಗೆ ನಿಂತಿತು.

"ಕ್ಯಾಂಡಲ್" ಅನ್ನೋ ಪದ ನೋಡಿ. ಮೇಣದಬತ್ತಿ! ಎಷ್ಟು ನಿರುಪದ್ರವಿ ಹೆಸರು. ಪಟಾಕಿ ಅಂದಿದ್ದರೆ ಬಾಡಿಗೆಗೆ ಶೆಡ್ ಕೊಡುವವನು ಒಂದು ಸಲ ಯೋಚನೆ ಮಾಡ್ತಿದ್ದ. ಕೆಲಸಕ್ಕೆ ಹೋಗೋ ಹೆಣ್ಣುಮಗಳ ಮನೆಯವರು "ಪಟಾಕಿ ಫ್ಯಾಕ್ಟರಿಗೆ ಬ್ಯಾಡವ್ವಾ" ಅಂತಿದ್ದರು. ಆದರೆ ಕೇಕ್ ಕ್ಯಾಂಡಲ್ ಅಂದರೆ ಯಾರು ಏನಂತಾರೆ?

ಇಂಥ ಕಿಡಿ ಕಾರೋ ಬತ್ತಿಗಳಲ್ಲಿ ಸಾಮಾನ್ಯವಾಗಿ ಏನಿರತ್ತೆ ಅಂತ ಹೇಳ್ತೀನಿ ಕೇಳಿ. (ತಾರಿಹಾಳದ ಆ ಶೆಡ್ಡಿನೊಳಗೆ ಇದೇ ಇತ್ತು ಅಂತ ನಾನು ಹೇಳ್ತಾ ಇಲ್ಲ, ಈ ಜಾತಿಯ ಸರಕಿನ ಬಗ್ಗೆ ಹೇಳ್ತಿದ್ದೀನಿ.) ಕೈಯಲ್ಲಿ ಹಿಡಿಯೋ ಸುರುಸುರು ಬತ್ತಿ ಆದರೆ ಬೇರಿಯಂ ನೈಟ್ರೇಟ್, ಅಲ್ಯೂಮಿನಿಯಂ ಪುಡಿ, ಕಬ್ಬಿಣದ ರಜ, ಅಂಟಿಗೆ ಡೆಕ್ಸ್‌ಟ್ರಿನ್. ಕೇಕಿನ ಮೇಲಿಡುವ, ಹೊಗೆ ಕಡಿಮೆ ಬರುವ ಕಾರಂಜಿ ಆದರೆ ಬಹುಪಾಲು ನೈಟ್ರೋಸೆಲ್ಯುಲೋಸ್, ಜೊತೆಗೆ ಲೋಹದ ಪುಡಿ. ನೈಟ್ರೋಸೆಲ್ಯುಲೋಸ್ ಅಂದರೆ ಹತ್ತಿಯನ್ನು ನೈಟ್ರಿಕ್ ಆಸಿಡ್ಡಿನ ಜೊತೆ ಸೇರಿಸಿ ಮಾಡೋದು. ಇದರ ಇನ್ನೊಂದು ಹೆಸರು ಗನ್ ಕಾಟನ್, ಬಂದೂಕಿನ ಹತ್ತಿ. ಹೊಗೆಯಿಲ್ಲದ ಬಂದೂಕು ಮದ್ದು ಇದರಿಂದಲೇ ಬಂದದ್ದು. ಹಳೇ ಕಾಲದ ಸಿನಿಮಾ ರೀಲು ಇದರಿಂದಲೇ ಆಗಿತ್ತು, ಥಿಯೇಟರುಗಳು ಸುಟ್ಟುಹೋಗಿದ್ದೂ ಇದರಿಂದಲೇ.

ಈ ವಸ್ತುವಿನ ಒಂದು ಗುಣ ನೆನಪಿಡಿ. ಇದನ್ನು ಯಾವಾಗಲೂ ನೀರಿನಲ್ಲೋ ಆಲ್ಕೋಹಾಲಿನಲ್ಲೋ ತೇವ ಮಾಡಿಯೇ ಇಡಬೇಕು. ಒಣಗಿತೋ, ಬಿಸಿಲಿಗೆ, ಉಜ್ಜಾಟಕ್ಕೆ ತಾನೇ ತಾನಾಗಿ ಹೊತ್ತಿಕೊಳ್ಳತ್ತೆ. ಅದಕ್ಕೆ ನಿಮ್ಮ ಶಾರ್ಟ್ ಸರ್ಕ್ಯೂಟಿನ ಉಪಕಾರ ಬೇಕಾಗಿಲ್ಲ.

ಇದನ್ನು ಜಗತ್ತು ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದೆ. 2015ರ ಆಗಸ್ಟ್ 12ರಂದು ಚೀನಾದ ತಿಯಾಂಜಿನ್ ಬಂದರಿನ ಒಂದು ಗೋದಾಮು ಸ್ಫೋಟಿಸಿತು. ತನಿಖೆಯಲ್ಲಿ ಕಂಡದ್ದು ಇಷ್ಟು: ನೈಟ್ರೋಸೆಲ್ಯುಲೋಸಿನ ತೇವ ಆರಿಹೋಗಿತ್ತು, ಬೇಸಿಗೆಯ ಬಿಸಿಗೆ ಅದು ತಾನೇ ಹೊತ್ತಿಕೊಂಡಿತು, ಬೆಂಕಿ ಹಬ್ಬಿ ಅದೇ ಅಂಗಳದಲ್ಲಿದ್ದ ಅಮೋನಿಯಂ ನೈಟ್ರೇಟಿನ ರಾಶಿಗೆ ಮುಟ್ಟಿತು. ಸತ್ತವರು, ಕಾಣೆಯಾದವರು ಸೇರಿ 173 ಜನ. ಅವರಲ್ಲಿ ನೂರಕ್ಕೂ ಹೆಚ್ಚು ಜನ ಬೆಂಕಿ ಆರಿಸೋಕೆ ಹೋದವರು. ಒಳಗೆ ಏನಿದೆ ಅನ್ನೋದರ ಸರಿಯಾದ ಲೆಕ್ಕ ಅವರ ಕೈಯಲ್ಲಿ ಇರಲಿಲ್ಲ.

ತಿಯಾಂಜಿನ್ನಿನ ಮಹಾ ಗೋದಾಮಿಗೂ ನಮ್ಮ ತಾರಿಹಾಳದ ತಗಡಿನ ಶೆಡ್ಡಿಗೂ ಏನು ಸಂಬಂಧ ಅಂತ ನಗಬೇಡಿ. ಗಾತ್ರ ಬೇರೆ, ರೋಗ ಒಂದೇ. ಸರಕಿಗೆ ಹೆಸರು ಇದೆ, ಆದರೆ ಅದು ಯಾವ ಜಾತಿಯ ಅಪಾಯ ಅನ್ನೋ ಗುರುತು ಇಲ್ಲ. ಗುರುತು ಇಲ್ಲದ್ದರಿಂದ ಯಾವುದರ ಪಕ್ಕ ಯಾವುದನ್ನು ಇಡಬಾರದು ಅನ್ನೋ ಪ್ರಶ್ನೆಯೇ ಹುಟ್ಟೋದಿಲ್ಲ.

ಹೆಸರು ಬೇರೆ, ವರ್ಗ ಬೇರೆ

ಪ್ರೋಗ್ರಾಂ ಬರೆಯೋರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗತ್ತೆ. ಒಂದು ವೇರಿಯಬಲ್ಲಿಗೆ ಏನು ಬೇಕಾದರೂ ಹೆಸರಿಡಿ, ಅದರ ಟೈಪ್ ಯಾವುದು ಅನ್ನೋದೇ ಅದನ್ನು ಯಾವುದರ ಜೊತೆ ಕೂಡಿಸಬಹುದು ಅಂತ ತೀರ್ಮಾನ ಮಾಡೋದು. ರಾಸಾಯನಿಕಗಳಿಗೂ ಹಾಗೇ. ಸಾಗಾಣಿಕೆಗೆ ವಿಶ್ವಸಂಸ್ಥೆಯ ಪಟ್ಟಿ ಇದೆ, ಒಟ್ಟು ಒಂಬತ್ತು ವರ್ಗ. 1 ಸ್ಫೋಟಕ, 2 ಅನಿಲ, 3 ಉರಿಯುವ ದ್ರವ, 4 ಉರಿಯುವ ಘನ, 5 ಆಕ್ಸಿಡೈಸರ್, 6 ವಿಷ, 7 ವಿಕಿರಣ, 8 ಕೊರೆಯುವ ಆಸಿಡ್ಡು ಕ್ಷಾರಗಳು, 9 ಇತರೆ. ತಾರಿಹಾಳದ ಪಕ್ಕದ ಬೈಪಾಸಿನಲ್ಲಿ ಹೋಗೋ ಟ್ಯಾಂಕರುಗಳ ಹಿಂದೆ ವಜ್ರಾಕಾರದ ಬಣ್ಣದ ಚೀಟಿ ನೋಡಿದ್ದೀರಲ್ಲ, ಅದು ಇದೇ. ಮೋಟಾರು ವಾಹನ ನಿಯಮದಲ್ಲಿ ಅದು ಕಡ್ಡಾಯ.

ತಮಾಷೆ ಏನಂದರೆ, ರಸ್ತೆ ಮೇಲೆ ಓಡುವಾಗ ಆ ಸರಕಿಗೆ ಚೀಟಿ ಇರತ್ತೆ. ಅದೇ ಸರಕು ಬೈಪಾಸ್ ಇಳಿದು ಗೋದಾಮಿನೊಳಗೆ ಹೋಗಿ, ಬೇರೆ ಡಬ್ಬಿಗೆ ಬಗ್ಗಿಸಿಕೊಂಡು, ಹಳೇ ಎಣ್ಣೆ ಕ್ಯಾನಿನಲ್ಲಿ ಕೂತ ಕ್ಷಣದಿಂದ ಅದಕ್ಕೆ ಜಾತಿಯೂ ಇಲ್ಲ, ಕುಲವೂ ಇಲ್ಲ. ಬರೀ "ಆ ಬಿಳೀ ಕ್ಯಾನು", "ಈ ನೀಲಿ ಡ್ರಮ್ಮು". ವರ್ಷಗಟ್ಟಲೆ ಅಲ್ಲೇ ಕೂತಿರತ್ತೆ. ಓಡುವ ಸರಕಿಗಿಂತ ಕೂತ ಸರಕು ಕಡಿಮೆ ಅಪಾಯ ಅಂತ ಯಾರು ಹೇಳಿದರು?

ಈ ಒಂಬತ್ತರಲ್ಲಿ ಎಲ್ಲ ಬಿಟ್ಟು ಎರಡನ್ನು ನೆನಪಿಟ್ಟುಕೊಂಡರೂ ಅರ್ಧ ಜೀವ ಉಳೀತವೆ. ಮೂರನೇ ವರ್ಗ ಮತ್ತು ಐದನೇ ವರ್ಗ.

ಮೂರನೇ ವರ್ಗ, ಉರಿಯುವ ದ್ರವ. ಇಲ್ಲಿ ಕೇಳಬೇಕಾದ ಸಂಖ್ಯೆ ಫ್ಲ್ಯಾಶ್ ಪಾಯಿಂಟ್. ಅಂದರೆ ಎಷ್ಟು ಡಿಗ್ರಿಯಲ್ಲಿ ಆ ದ್ರವದ ಮೇಲಿನ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುವಷ್ಟಾಗತ್ತೆ ಅಂತ. ಪೆಟ್ರೋಲಿಗೆ ಸುಮಾರು ಮೈನಸ್ 40 ಡಿಗ್ರಿ. ಅಸಿಟೋನಿಗೆ ಸುಮಾರು ಮೈನಸ್ 20. ಪೇಂಟ್ ಥಿನ್ನರುಗಳಲ್ಲಿ ಹೇರಳವಾಗಿರುವ ಟಾಲುಯಿನ್‌ಗೆ 4 ಡಿಗ್ರಿ. ನಮ್ಮ ಹುಬ್ಬಳ್ಳಿಯ ಡಿಸೆಂಬರ್ ಬೆಳಗಿನ ಚಳಿಯಲ್ಲೂ ಇವೆಲ್ಲ ಹೊತ್ತಿಕೊಳ್ಳೋಕೆ ರೆಡಿಯಾಗೇ ಇರ್ತವೆ ಅಂತಾಯ್ತು. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ? ನೀವೇ ಊಹಿಸಿಕೊಳ್ಳಿ. ಈ ಆವಿ ಗಾಳಿಗಿಂತ ಭಾರ. ಮೇಲೆ ಹೋಗೋದಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಿದು, ಬಾಗಿಲ ಸಂದಿಯಲ್ಲಿ ನುಸುಳಿ, ಹಿಂದಿನ ಕೋಣೆಯಲ್ಲಿ ವಾಚ್‌ಮನ್ ಚಹಾ ಕಾಸೋ ಒಲೆವರೆಗೂ ಹೋಗತ್ತೆ. ಮೇಲೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ "ಗಾಳಿ ಆಡ್ತೈತಿ ಬಿಡ್ರಿ" ಅನ್ನೋರಿಗೆ ಇದು ಗೊತ್ತಿರಬೇಕು. ಕಿಂಡಿ ಇರಬೇಕಾದ್ದು ನೆಲದ ಮಟ್ಟದಲ್ಲೂ.

ಐದನೇ ವರ್ಗ, ಆಕ್ಸಿಡೈಸರ್. ನೈಟ್ರೇಟುಗಳು, ಕ್ಲೋರೇಟುಗಳು, ಪೊಟ್ಯಾಸಿಯಂ ಪರ್ಮಾಂಗನೇಟು, ಗಾಢ ಹೈಡ್ರೋಜನ್ ಪೆರಾಕ್ಸೈಡು. ಇವು ಬಹಳ ಸಲ ತಾವು ಉರಿಯೋದಿಲ್ಲ. ಅದಕ್ಕೇ ಮೋಸ. "ಬೆಂಕಿ ಹಚ್ಚಿ ನೋಡಿದ್ವಿ ಸಾರ್, ಹತ್ತಲಿಲ್ಲ" ಅಂತಾರೆ. ಆದರೆ ಉರಿಯೋ ವಸ್ತುವಿನ ಪಕ್ಕ ಇವನ್ನು ಇಟ್ಟರೆ ಇವೇ ಆಮ್ಲಜನಕ ಒದಗಿಸ್ತವೆ. ಬಾಗಿಲು ಮುಚ್ಚಿದರೂ ಕಂಬಳಿ ಹೊದಿಸಿದರೂ ಆಗ ಬೆಂಕಿ ಆರೋದಿಲ್ಲ, ಯಾಕಂದ್ರೆ ಅದಕ್ಕೆ ಹೊರಗಿನ ಗಾಳಿಯ ಹಂಗೇ ಇಲ್ಲ. ಪರ್ಮಾಂಗನೇಟಿನ ಮೇಲೆ ನಾಲ್ಕು ಹನಿ ಗ್ಲಿಸರಿನ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಬೆಂಕಿ ಏಳತ್ತೆ, ಪಿಯುಸಿಯಲ್ಲಿ ಕೆಲವರು ನೋಡಿರಬಹುದು. ಕಡ್ಡಿ ಗೀರೋದೂ ಬೇಡ.

ಇವೆರಡನ್ನು ಒಂದೇ ಕೋಣೆಯಲ್ಲಿ ಇಡಬಾರದು. ಇಷ್ಟೇ ಪಾಠ. ಇದನ್ನು ಕಾಲೇಜು ಲ್ಯಾಬುಗಳೇ ಪಾಲಿಸೋದಿಲ್ಲ ಅನ್ನೋದು ಬೇರೆ ದುರಂತ. ಎಷ್ಟೋ ಲ್ಯಾಬುಗಳಲ್ಲಿ ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಜೋಡಿಸಿರ್ತಾರೆ. ನೋಡೋಕೆ ಶಿಸ್ತು. ಆದರೆ ಅಕ್ಷರಮಾಲೆಯ ಲೆಕ್ಕದಲ್ಲಿ ಅಸಿಟೋನೂ ಅಮೋನಿಯಂ ನೈಟ್ರೇಟೂ ಒಂದೇ ಕಪಾಟಿನ ನೆಂಟರು! ಅಕ್ಷರ ಬಲ್ಲವರ ಕಥೆಯೇ ಹೀಗಾದರೆ ಶೆಡ್ಡಿನವರನ್ನು ಬೈದು ಏನು ಫಲ?

ತೆರಿಗೆಗೆ ಒಂದು ಕಾಲಮ್ಮು, ಜೀವಕ್ಕೆ?

ಈಗ ನನ್ನ ಕಣ್ಣಾರೆ ಕಂಡದ್ದು ಒಂದು ಹೇಳ್ತೀನಿ. ಪೇಂಟು, ಥಿನ್ನರು, ಅಂಟು, ಕ್ಲೀನಿಂಗ್ ಆಸಿಡ್ಡು ಇತ್ಯಾದಿ ಸಗಟು ಮಾರುವ ಒಬ್ಬರಿಗೆ ಸ್ಟಾಕ್ ಲೆಕ್ಕದ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದರಲ್ಲಿ ಪ್ರತಿ ಐಟಮ್ಮಿಗೂ ಎಚ್‌ಎಸ್‌ಎನ್ ಕೋಡ್ ಕಾಲಮ್ಮು ಇರಲೇಬೇಕು. ಜಿಎಸ್‌ಟಿ ಬಿಲ್ಲಿಗೆ ಅದು ಬೇಕಲ್ಲ, 2021ರ ಏಪ್ರಿಲ್‌ನಿಂದ ನಿಯಮ ಇನ್ನೂ ಬಿಗಿಯಾಗಿದೆ. ಥಿನ್ನರಿಗೆ 3814, ನೈಟ್ರೇಟುಗಳಿಗೆ 2834, ಅಲ್ಯೂಮಿನಿಯಂ ಪುಡಿಗೆ 7603, ಹೈಡ್ರೋಜನ್ ಪೆರಾಕ್ಸೈಡಿಗೆ 2847, ನೈಟ್ರೋಸೆಲ್ಯುಲೋಸ್ ಬರೋದು 3912ರಲ್ಲಿ, ಪಟಾಕಿ 3604. ಎಷ್ಟು ಅಚ್ಚುಕಟ್ಟು ನೋಡಿ!

ನಾನು ಇನ್ನೊಂದು ಕಾಲಮ್ಮು ಸೇರಿಸಿ ತೋರಿಸಿದೆ. ಅಪಾಯದ ವರ್ಗ. ಮೂರನೇ ವರ್ಗದ ಸರಕನ್ನು ಐದನೇ ವರ್ಗದ ಸರಕು ಇರೋ ಕೋಣೆಗೆ ಹಾಕೋಕೆ ಹೋದರೆ ಕೆಂಪು ಎಚ್ಚರಿಕೆ ಬರೋ ಹಾಗೆ. ಒಂದು ಮಧ್ಯಾಹ್ನದ ಕೆಲಸ, ಅದಕ್ಕೆ ದುಡ್ಡೂ ಕೇಳಿರಲಿಲ್ಲ.

ಅವರು ನೋಡಿದರು. ಆಮೇಲೆ ಕೇಳಿದರು, "ತಮ್ಮಾ, ಇದನ್ನ ಹಾಕಿದ್ರ ಜಿಎಸ್‌ಟಿ ಏನರ ಕಮ್ಮಿ ಆಗತೈತೇನು?"

"ಇಲ್ರಿ ಕಾಕಾ, ಇದು ಬೆಂಕಿ ಸಲುವಾಗಿ."

"ಇಪ್ಪತ್ತು ವರ್ಷಾತು ಗೋದಾಮು ನಡಸಾಕತ್ತು. ಏನೂ ಆಗಿಲ್ಲ. ತಗದ್ಹಾಕು."

ಒಳ್ಳೆ ಮನುಷ್ಯ, ಕೆಟ್ಟವರಲ್ಲ. ಕೆಲಸದವರಿಗೆ ಹಬ್ಬಕ್ಕೆ ಬಟ್ಟೆ ಕೊಡಿಸುವಂಥವರು. ಅವರ ಮಾತಿನಲ್ಲಿ ಒಂದು ತರ್ಕವೂ ಇದೆ. ತೆರಿಗೆ ವರ್ಗ ತಪ್ಪಾದರೆ ನೋಟಿಸ್ ಬರತ್ತೆ, ದಂಡ ಬೀಳತ್ತೆ. ಅಪಾಯದ ವರ್ಗ ತಪ್ಪಾದರೆ? ಬೆಂಕಿ ಬೀಳೋ ತನಕ ಯಾರೂ ಕೇಳೋದಿಲ್ಲ. ಈ ದೇಶದ ಪ್ರತಿಯೊಂದು ಡಬ್ಬಿಯನ್ನೂ ತೆರಿಗೆಗಾಗಿ ವಿಂಗಡಿಸೋಕೆ ಆಗತ್ತೆ ಅಂತ ನಾವು ಸಾಬೀತು ಮಾಡಿದ್ದೀವಿ. ಹಾಗಿರುವಾಗ ಜೀವಕ್ಕಾಗಿ ವಿಂಗಡಿಸೋದು ಕಷ್ಟ, ಸಣ್ಣ ವ್ಯಾಪಾರಿಗಳಿಗೆ ತಿಳಿಯೋದಿಲ್ಲ, ಜನರಿಗೆ ಶಿಕ್ಷಣ ಇಲ್ಲ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಎಂಟಂಕಿಯ ಕೋಡ್ ತಿಳಿಯೋರಿಗೆ ಒಂದಂಕಿಯ ವರ್ಗ ತಿಳಿಯೋದಿಲ್ವಾ?

ಕಾನೂನು ತಲೆ ಎಣಿಸತ್ತೆ, ಡ್ರಮ್ಮು ಎಣಿಸೋದಿಲ್ಲ

ಕಾನೂನು ಇಲ್ಲ ಅಂತಲ್ಲ. ಕಾನೂನು ಬೇಕಾದಷ್ಟಿದೆ. 1984ರ ಭೋಪಾಲದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯವನ್ನೇ ಸೇರಿಸಿದರು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು, ಆಮದು ನಿಯಮಗಳು ಬಂದವು. ಡಬ್ಬಿ ಮೇಲೆ ಏನಿದೆ ಅಂತ ಚೀಟಿ ಇರಬೇಕು, ಸುರಕ್ಷತಾ ವಿವರಪಟ್ಟಿ ಇರಬೇಕು ಅಂತ ಅದರಲ್ಲೇ ಬರೆದಿದೆ. ಪೆಟ್ರೋಲಿಯಂ ಕಾಯ್ದೆ 1934ರದ್ದು. ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇರೋ ಹೈಡ್ರೋಕಾರ್ಬನ್ ದ್ರವವನ್ನು 'ಎ' ವರ್ಗ ಅಂತ ಕರೆದು, ಮಾರಾಟಕ್ಕಲ್ಲದೆ ಸ್ವಂತಕ್ಕೆ ಇಟ್ಟುಕೊಂಡರೂ 30 ಲೀಟರಿಗಿಂತ ಹೆಚ್ಚಾದರೆ ಲೈಸೆನ್ಸ್ ಬೇಕು ಅನ್ನತ್ತೆ. ಒಂದು ಬ್ಯಾರಲ್ ಅಂದರೆ 200 ಲೀಟರು! 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಕಟ್ಟಡಗಳನ್ನೇ ಅಕ್ಷರ ಹಾಕಿ ವಿಂಗಡಿಸಿದೆ. 'ಜಿ' ಕಾರ್ಖಾನೆ, 'ಎಚ್' ಗೋದಾಮು, 'ಜೆ' ಅಪಾಯಕಾರಿ. ಪುಸ್ತಕದಲ್ಲಿ ಎಲ್ಲ ಚೆಂದ.

ಆದರೆ ಬಾಗಿಲಲ್ಲಿ ನಿಂತು ಯಾರು ಕಾನೂನಿನ ಒಳಗೆ, ಯಾರು ಹೊರಗೆ ಅಂತ ತೀರ್ಮಾನಿಸೋ ಅಳತೆಗೋಲು ಯಾವುದು? ಬಹುಪಾಲು ಕಡೆ ಕಾರ್ಮಿಕರ ಸಂಖ್ಯೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸಿದರೆ 10 ಜನ, ಬಳಸದಿದ್ದರೆ 20 ಜನ ಇದ್ದರೆ ಅದು ಕಾರ್ಖಾನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಅದು 20 ಮತ್ತು 40 ಆಯ್ತು. ಅಪಾಯಕಾರಿ ಕೆಲಸವಾದರೆ ಸಂಖ್ಯೆ ಲೆಕ್ಕಕ್ಕಿಲ್ಲ ಅನ್ನೋ ವಿನಾಯಿತಿ ಸಂಹಿತೆಯಲ್ಲಿ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಅದು ಅಪಾಯಕಾರಿ ಅಂತ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಮತ್ತೆ ಬಂದು ನಿಂತಿದ್ದು ಅದೇ ಜಾಗಕ್ಕೆ. ಇದು ಯಾವ ಜಾತಿಯ ಸರಕು ಅಂತ ಯಾರಾದರೂ ಮೊದಲು ಗುರುತಿಸಬೇಕು.

ಎಂಟು ಜನ ಇರೋ ಶೆಡ್ಡಿನಲ್ಲಿ ಬೆಂಕಿ "ಇದು ಕಾರ್ಖಾನೆಯ ವ್ಯಾಖ್ಯೆಗೆ ಬರೋದಿಲ್ಲ" ಅಂತ ವಾಪಸ್ ಹೋಗತ್ತಾ? ಐನೂರು ಜನ ಶರ್ಟು ಹೊಲಿಯೋ ಕಡೆ ಇರುವ ಅಪಾಯಕ್ಕಿಂತ ನಾಲ್ಕು ಜನ ನೈಟ್ರೇಟು, ಲೋಹದ ಪುಡಿ ಕಲಸೋ ಕಡೆ ಇರುವ ಅಪಾಯ ದೊಡ್ಡದು. ಅಳತೆ ಮಾಡಬೇಕಾದ್ದು ಸರಕನ್ನು, ತಲೆಗಳನ್ನಲ್ಲ.

ಲೈಸೆನ್ಸ್ ಅನ್ನೋ ತಾಯಿತ

"ಅದಕ್ಕೇ ಹೇಳೋದು, ಲೈಸೆನ್ಸ್ ಇಲ್ಲದ ಎಲ್ಲದಕ್ಕೂ ಬೀಗ ಹಾಕಿ" ಅನ್ನೋರಿದ್ದಾರೆ. ಲೈಸೆನ್ಸ್ ಬೇಕು, ಸರಿ. ಆದರೆ ಅದನ್ನು ತಾಯಿತದ ಹಾಗೆ ಗೋಡೆಗೆ ತೂಗುಹಾಕಿದರೆ ಬೆಂಕಿ ಹೆದರೋದಿಲ್ಲ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮು ಹೊತ್ತಿ ಉರಿದಾಗ ಅದೇ ದಿನ 14 ಜನ ಸತ್ತರು, ಹೆಚ್ಚಿನವರು ದೀಪಾವಳಿ ಸೀಸನ್ನಿಗೆ ದುಡಿಯೋಕೆ ತಮಿಳುನಾಡಿನಿಂದ ಬಂದ ಹುಡುಗರು. ಅಲ್ಲಿ ಕೇಳಿಬಂದ ದೂರು ಲೈಸೆನ್ಸಿನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ಸರಕು ತುಂಬಿದ್ದರು ಅನ್ನೋದು. ಬೈರೂತಿನ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟು 2014ರಿಂದ ಸರ್ಕಾರದ್ದೇ ಗೋದಾಮಿನಲ್ಲಿ ಕೂತಿತ್ತು. ಕಸ್ಟಮ್ಸ್‌ನವರು ಪತ್ರದ ಮೇಲೆ ಪತ್ರ ಬರೆದಿದ್ದರು. ಕಾಗದಪತ್ರ ಎಲ್ಲ ಇತ್ತು. 2020ರ ಆಗಸ್ಟ್ 4ರಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಇನ್ನು ನಮ್ಮ ಶಿವಮೊಗ್ಗದ ಹುಣಸೋಡು, 2021ರ ಜನವರಿ 21. ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಅದೇ ವರ್ಷದ ಫೆಬ್ರವರಿ 23. ಎರಡೂ ಕಡೆ ಕ್ವಾರಿಗಳಿಗೆ ಬಳಸೋ ಸ್ಫೋಟಕ. ಸಾಗಿಸುವಾಗ, ಬಚ್ಚಿಡುವಾಗ, ಎಸೆಯೋಕೆ ಹೋದಾಗ ಸಿಡೀತು. ರೇಡ್ ಆಗತ್ತೆ ಅನ್ನೋ ಭಯಕ್ಕೆ ಸರಕನ್ನು ಸುರಕ್ಷಿತ ಜಾಗದಿಂದ ಅಸುರಕ್ಷಿತ ಜಾಗಕ್ಕೆ ಸಾಗಿಸೋದೇ ನಮ್ಮ ತಪಾಸಣೆಯ ಫಲಿತಾಂಶ ಆಗಿಬಿಟ್ಟರೆ ಏನು ಮಾಡೋಣ?

"ಸಣ್ಣ ಉದ್ಯಮಿ ಎಲ್ಲಿಂದ ತರಬೇಕು?"

ಇದು ನಾನು ಹೆಚ್ಚು ಕೇಳಿದ ಪ್ರತಿವಾದ. ನಿಜವಾದ ಸಂಕಟವೂ ಹೌದು. ನಾಗಪುರದ ಪೆಸೊ, ಬೆಂಗಳೂರಿನ ಕಾರ್ಖಾನೆಗಳ ಇಲಾಖೆ, ಮಾಲಿನ್ಯ ಮಂಡಳಿ, ಅಗ್ನಿಶಾಮಕ, ಪಾಲಿಕೆ, ಕೆಐಎಡಿಬಿ. ಸಣ್ಣವನೊಬ್ಬ ಇಷ್ಟು ಬಾಗಿಲು ತಟ್ಟಬೇಕು, ಒಂದೊಂದು ಬಾಗಿಲಿಗೂ ಒಂದೊಂದು ಕಾಣಿಕೆ. ಬೇಸತ್ತು ಬೋರ್ಡೇ ಇಲ್ಲದ ಶೆಡ್ಡು ಹಿಡೀತಾನೆ. ಇನ್‌ಸ್ಪೆಕ್ಟರ್ ರಾಜ್ಯ ಹೋಗಬೇಕು ಅಂದರೆ ನಾನೂ ಕೈ ಎತ್ತುತೀನಿ.

ಆದರೆ ದುಡ್ಡಿಲ್ಲ ಅನ್ನೋದು ನೆಪ. ಸ್ಪ್ರಿಂಕ್ಲರ್, ಫೋಮ್ ಟ್ಯಾಂಕು ಇವೆಲ್ಲ ದುಬಾರಿ, ಒಪ್ಪಿದೆ. ಕೆಳಗಿನ ಪಟ್ಟಿಯಲ್ಲಿ ಯಾವುದು ದುಬಾರಿ ಅಂತ ನೀವೇ ಹೇಳಿ.

1. ಪ್ರತಿ ಡಬ್ಬಿಗೂ ಹೆಸರು ಮತ್ತು ವರ್ಗದ ಅಂಕಿ. ಮಾರ್ಕರ್ ಪೆನ್ನಿನಲ್ಲಿ ಬರೆದರೂ ಸಾಕು. ಬೇರೆ ಡಬ್ಬಿಗೆ ಬಗ್ಗಿಸಿದರೆ ಅದಕ್ಕೂ ಬರೀಬೇಕು.

2. ಮೂರು ಮತ್ತು ಐದು ಒಂದೇ ಕೋಣೆಯಲ್ಲಿ ಬೇಡ. ಆಸಿಡ್ಡು ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಕಪಾಟಿನಲ್ಲಿ ಬೇಡ, ಸೇರಿದರೆ ಕ್ಲೋರಿನ್ ಗಾಳಿ. (ನಿಮ್ಮ ಬಚ್ಚಲುಮನೆಯಲ್ಲೂ ಇದನ್ನು ಒಮ್ಮೆ ನೋಡಿಕೊಳ್ಳಿ.)

3. ಕಲಸೋ ಜಾಗದಲ್ಲಿ ಅವತ್ತಿನ ಕೆಲಸಕ್ಕೆ ಬೇಕಾದಷ್ಟೇ ಸರಕು. ಉಳಿದದ್ದು ದೂರದ ಬೇರೆ ಕೋಣೆಯಲ್ಲಿ. ಬೆಂಕಿ ಬಿದ್ದರೂ ಒಂದು ಬುಟ್ಟಿಗೆ ಬೀಳಲಿ, ಇಡೀ ದಾಸ್ತಾನಿಗೆ ಬೇಡ.

4. ಡ್ರಮ್ಮುಗಳ ಸುತ್ತ ಒಂದು ಗೇಣು ಎತ್ತರದ ಕಟ್ಟೆ. ಸೋರಿದರೆ ಅಲ್ಲೇ ನಿಲ್ಲತ್ತೆ, ಬಾಗಿಲಿಗೆ ಹರಿಯೋದಿಲ್ಲ.

5. ಲೋಹದ ಪುಡಿ ಇದ್ದರೆ ಒಣ ಮರಳಿನ ಬಕೆಟ್ಟು. ಉರಿಯೋ ಅಲ್ಯೂಮಿನಿಯಂ ಪುಡಿಗೆ ನೀರು ಹೊಯ್ದರೆ ಹೈಡ್ರೋಜನ್ ಹುಟ್ಟಿ ಇನ್ನೂ ಭಗ್ಗನೆ ಏಳತ್ತೆ. ಅಗ್ನಿನಂದಕದ ಮೇಲೆ ಎ, ಬಿ, ಸಿ, ಡಿ ಅಂತ ಅಕ್ಷರ ಇರೋದು ಅಲಂಕಾರಕ್ಕಲ್ಲ, ಲೋಹಕ್ಕೆ ಡಿ.

6. ಎರಡು ಬಾಗಿಲು, ಎರಡೂ ಹೊರಗೆ ತೆರೆಯುವಂಥವು, ಎರಡಕ್ಕೂ ಕೆಲಸದ ಹೊತ್ತಿನಲ್ಲಿ ಬೀಗ ಇಲ್ಲ.

ಇದರಲ್ಲಿ ಮುಕ್ಕಾಲು ಭಾಗಕ್ಕೆ ಬೇಕಾದ್ದು ದುಡ್ಡಲ್ಲ, ವಿಂಗಡಣೆ. ಅಕ್ಕಿ, ಬೇಳೆ, ಸೋಪು ಬೇರೆ ಬೇರೆ ಇಡಬೇಕು ಅಂತ ನಮ್ಮ ಅಜ್ಜಿಯರಿಗೆ ಯಾವ ಇನ್‌ಸ್ಪೆಕ್ಟರ್ ಬಂದು ಕಲಿಸಿದ್ದ?

ಯಾವ ಭಾಷೆಯಲ್ಲಿ ಎಚ್ಚರಿಕೆ?

ಇನ್ನೊಂದು ಮಾತು, ಇದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. ರಾಸಾಯನಿಕ ಮಾರುವವನು ಅದರ ಜೊತೆ ಸುರಕ್ಷತಾ ವಿವರಪಟ್ಟಿ ಕೊಡಬೇಕು. ಅದು ಬರೋದು ಇಂಗ್ಲಿಷಿನ ಪಿಡಿಎಫ್ ಆಗಿ, ಮಾಲೀಕನ ವಾಟ್ಸಾಪಿಗೆ. ಅದನ್ನು ಪೂರ್ತಿ ಓದಿದ ಒಬ್ಬ ಮಾಲೀಕನನ್ನೂ ನಾನು ಕಂಡಿಲ್ಲ. ಪುಡಿ ಕಲಸೋ ಕೈಗಳು ಯಾರವು? ತಾರಿಹಾಳದವರು, ಸುತ್ತಲಿನ ಹಳ್ಳಿಯವರು. ಅವರಿಗೆ ಬರೋದು ಕನ್ನಡ. ಕೆಲವರಿಗೆ ಅದನ್ನೂ ಓದೋಕೆ ಬರೋದಿಲ್ಲ. ಕಾರ್ಮಿಕನಿಗೆ ತನ್ನ ಕೆಲಸದ ಅಪಾಯ ತಿಳಿಯುವ ಹಕ್ಕಿದೆ ಅಂತ 1987ರಲ್ಲೇ ಕಾನೂನಿನಲ್ಲಿ ಬರೆದರು. ತಿಳಿಯದ ಭಾಷೆಯಲ್ಲಿ ಹೇಳಿದ್ದು ಹೇಳಿದ ಹಾಗೆ ಆಗತ್ತಾ?

ನವೆಂಬರ್ ಬಂತು ಅಂದರೆ ಅಂಗಡಿ ಬೋರ್ಡುಗಳಲ್ಲಿ ಕನ್ನಡ ಎಷ್ಟು ಪರ್ಸೆಂಟು ಇದೆ ಅಂತ ಅಳೀತೀವಿ. ಅಳೀರಿ, ಬೇಡ ಅನ್ನೋದಿಲ್ಲ. ಆದರೆ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಮನಸ್ಸಿಗೆ ನೋವಾಗತ್ತೆ, ಡ್ರಮ್ಮಿನ ಮೇಲೆ ಕನ್ನಡ ಇಲ್ಲದಿದ್ದರೆ ಮೈ ಸುಡತ್ತೆ. ಕನ್ನಡದ ಕೆಲಸ ಮಾಡ್ತೀವಿ ಅನ್ನೋ ನಾವು ಐವತ್ತು ಸಾಮಾನ್ಯ ರಾಸಾಯನಿಕಗಳಿಗೆ ಒಂದೊಂದು ಪುಟದ ಕನ್ನಡ ಎಚ್ಚರಿಕೆ ಚೀಟಿ ಮಾಡಿ ಹಂಚೋಕೆ ಆಗೋದಿಲ್ವಾ? ಓದು ಬಾರದವರಿಗೆ ಚಿತ್ರಗಳಿವೆ. ಜಿಎಚ್‌ಎಸ್ ಅಂತ 2003ರಲ್ಲೇ ವಿಶ್ವಸಂಸ್ಥೆ ಒಂಬತ್ತು ಚಿತ್ರಗಳ ಪದ್ಧತಿ ಮಾಡಿದೆ. ಜ್ವಾಲೆ ಅಂದರೆ ಉರಿಯತ್ತೆ, ವೃತ್ತದ ಮೇಲೆ ಜ್ವಾಲೆ ಅಂದರೆ ಆಕ್ಸಿಡೈಸರ್, ಸಿಡಿಯೋ ಗುಂಡು ಅಂದರೆ ಸ್ಫೋಟಕ. ಅರ್ಧ ಗಂಟೆಯಲ್ಲಿ ಕಲಿಸಬಹುದು.

ಗೇಟಿನ ಮೇಲೆ ಬರೀರಿ

ನನ್ನ ಬೇಡಿಕೆ ದೊಡ್ಡದಲ್ಲ. ತಾರಿಹಾಳ, ಗೋಕುಲ ರೋಡ್, ಧಾರವಾಡದ ಬೇಲೂರು, ಎಲ್ಲ ಕೈಗಾರಿಕಾ ಪ್ರದೇಶಗಳಲ್ಲಿ ಪ್ರತಿ ಶೆಡ್ಡಿನ ಗೇಟಿನ ಮೇಲೆ ಒಂದು ಹಲಗೆ. ಒಳಗೆ ಯಾವ ವರ್ಗದ ಸರಕಿದೆ, ಹೆಚ್ಚೆಂದರೆ ಎಷ್ಟು, ನೀರು ಹಾಕಬಹುದೋ ಇಲ್ಲವೋ. ಅಮೆರಿಕದಲ್ಲಿ ನಾಲ್ಕು ಬಣ್ಣದ ವಜ್ರಾಕಾರದ ಹಲಗೆ ಇದೆ. ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ಸಿಡಿಯೋ ಗುಣಕ್ಕೆ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ. ಬಿಳಿಯ ಜಾಗದಲ್ಲಿ ನೀರು ಹಾಕಬಾರದು ಅನ್ನೋದಕ್ಕೂ ಒಂದು ಗುರುತು. ಅದು ಇರೋದೇ ಬೆಂಕಿ ಆರಿಸೋಕೆ ಬರೋರಿಗಾಗಿ, ದೂರದಿಂದಲೇ ಓದಲಿ ಅಂತ. ನಮ್ಮ ಅಗ್ನಿಶಾಮಕ ಸಿಬ್ಬಂದಿಯ ಜೀವಕ್ಕೆ ಅಷ್ಟು ಬೆಲೆ ಇಲ್ವಾ?

ಆ ಹಲಗೆಯ ಒಂದು ಪ್ರತಿ ಹತ್ತಿರದ ಅಗ್ನಿಶಾಮಕ ಠಾಣೆಗೆ, ಒಂದು ಪ್ರತಿ ಪ್ಲಾಟು ಕೊಟ್ಟ ಕೆಐಎಡಿಬಿಗೆ. ಶೆಡ್ಡು ಬಾಡಿಗೆಗೆ ಕೊಡೋ ಕರಾರಿನಲ್ಲೇ ಸರಕಿನ ವರ್ಗ ಬರೆಯೋದು ಕಡ್ಡಾಯ. ಸುಳ್ಳು ಬರೆದರೆ ಬಾಡಿಗೆಗೆ ಕೊಟ್ಟವನೂ ಹೊಣೆ. ಆಗ ನೋಡಿ, "ಕ್ಯಾಂಡಲ್" ಅನ್ನೋ ಹೆಸರಿನ ಹಿಂದೆ ಏನಿದೆ ಅಂತ ಅವನೇ ಮೂಗು ತೂರಿಸಿ ಕೇಳ್ತಾನೆ. ಇನ್‌ಸ್ಪೆಕ್ಟರಿಗಿಂತ ಅದು ಮೇಲು.

ಗುಟ್ಟು ಹೊರಗೆ ಬೀಳತ್ತೆ, ವ್ಯಾಪಾರದ ರಹಸ್ಯ ಹೋಗತ್ತೆ ಅನ್ನೋರಿಗೆ ನನ್ನ ಉತ್ತರ ಇಷ್ಟು. ನಿಮ್ಮ ಸೂತ್ರ ಯಾರಿಗೂ ಬೇಡ. ಮೂರೋ ಐದೋ ಅಷ್ಟು ಹೇಳಿ ಸಾಕು. ಪಕ್ಕದ ಶೆಡ್ಡಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚುವವನಿಗೆ ಅಷ್ಟು ತಿಳಿಯುವ ಹಕ್ಕು ಇದೆ.

ನಾವು ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ತರ್ತೀವಿ, ಬೇಕರಿಯವನು ಆ ಬತ್ತಿಯನ್ನೂ ಡಬ್ಬಿಯಲ್ಲಿ ಹಾಕಿ ಕೊಡ್ತಾನೆ. ಮುಂದಿನ ಸಲ ಅದರ ಪೊಟ್ಟಣ ತಿರುಗಿಸಿ ನೋಡಿ. ಎಲ್ಲಿ ತಯಾರಾಯ್ತು, ಒಳಗೆ ಏನಿದೆ ಅಂತ ಬರೆದಿದೆಯಾ? ಬರೆದಿಲ್ಲ ಅಂದರೆ "ಬ್ಯಾಡ್ರಿ, ಸಾದಾ ಮೇಣದಬತ್ತಿ ಕೊಡ್ರಿ" ಅನ್ನಿ. ಸರ್ಕಾರ ಯಾವಾಗ ಎಚ್ಚರಗೊಳ್ಳತ್ತೋ ಗೊತ್ತಿಲ್ಲ, ಇಷ್ಟಂತೂ ಇವತ್ತೇ ನಮ್ಮ ಕೈಯಲ್ಲಿದೆ.

ನೀವೇನಂತೀರಿ?